ಎಂಟು ಸಾವಿರ ಕೇಜಿ ಬೀಜ ಎಲ್ಲೆಲ್ಲಿ ಹೋಯಿತು: ಸ್ಯಾಂಕೀಮ್ಯಾಟಿಕ್ ಬಳಸಿ ನೋಡಿದ್ದು

ನಾನು ಕಾರ್ಕಳದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿ ಬರುತ್ತದೆ, ಎಕ್ಸೆಲ್ ಬರುತ್ತದೆ. ಅದರಾಚೆ ಕಂಪ್ಯೂಟರಿನ ಜೊತೆ ಜಾಸ್ತಿ ಸಲಿಗೆ ಇಲ್ಲ. ನನ್ನ ಹಾಗೆ ಲೆಕ್ಕದ ಮೇಜಿನಲ್ಲಿ ಕೂತವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ವಿಷಯ ಸ್ಯಾಂಕಿ ಚಿತ್ರ, ಎಲ್ಲಿಂದ ಎಲ್ಲಿಗೆ ಎಷ್ಟು ಹೋಯಿತೆಂದು ಪಟ್ಟಿಯ ಅಗಲದಲ್ಲಿ ತೋರಿಸುವ ಚಿತ್ರ. ಅದನ್ನು ಬಿಡಿಸಲು ನಾನು ಬಳಸಿದ್ದು ಸ್ಯಾಂಕೀಮ್ಯಾಟಿಕ್ ಎಂಬ ಜಾಲತಾಣ. ದುಡ್ಡು ಕೊಡಬೇಕಾಗಿಲ್ಲ. ಎಂಟು ತಿಂಗಳಿಂದ ಬಳಸುತ್ತಿದ್ದೇನೆ.

ನಮ್ಮ ಧನಿಗಳು ಪ್ರತಿ ಲಾಟು ಮುಗಿದ ಮೇಲೆ ಕೇಳುವುದು ಒಂದೇ ಪ್ರಶ್ನೆ. "ಬೀಜ ಎಷ್ಟು ಬಂತು, ತಿರುಳು ಎಷ್ಟಾಯಿತು?" ನಾನು ಹನ್ನೊಂದು ಕಾಲಮ್ಮಿನ ಎಕ್ಸೆಲ್ ಹಾಳೆ ಕೊಡುತ್ತಿದ್ದೆ. ಅವರು ಮೊದಲನೆಯದನ್ನೂ ಕೊನೆಯದನ್ನೂ ನೋಡಿ ವಾಪಸ್ ಕೊಡುತ್ತಿದ್ದರು. ನಡುವಿನ ಒಂಬತ್ತು ಕಾಲಮ್ಮು ನಾನು ಸುಮ್ನೆ ತುಂಬಿಸಿದ ಹಾಗೆ.

ಬೆಂಗಳೂರಿನಲ್ಲಿ ಡೇಟಾ ಕೆಲಸ ಮಾಡುವ ಮಗಳು ದಸರಾ ರಜೆಗೆ ಬಂದಿದ್ದಳು. ಹಾಳೆ ನೋಡಿ, "ಅಮ್ಮ, ಇದಕ್ಕೆ ಸ್ಯಾಂಕಿ ಹಾಕು" ಎಂದಳು.

"ಸ್ಯಾಂಕಿ ಕೆರೆಯಾ?" ಎಂದೆ. ಅವಳಿರುವುದು ಮಲ್ಲೇಶ್ವರದಲ್ಲಿ, ಬೆಳಿಗ್ಗೆ ಆ ಕೆರೆ ಸುತ್ತ ನಡೆಯಲು ಹೋಗುತ್ತಾಳೆ. ನನಗೆ ಗೊತ್ತಿದ್ದ ಸ್ಯಾಂಕಿ ಅದೊಂದೇ.

ಅವಳು ನಕ್ಕಳು. ಆಮೇಲೆ ಹುಡುಕಿ ನೋಡಿದೆ, ನನ್ನದು ಪೂರ್ತಿ ದಡ್ಡತನ ಆಗಿರಲಿಲ್ಲ. ಹೆಸರು ಒಂದೇ, ಆಳು ಬೇರೆ. 1882ರಲ್ಲಿ ಕೆರೆ ಕಟ್ಟಿಸಿದವರು ರಿಚರ್ಡ್ ಹೈರಾಮ್ ಸ್ಯಾಂಕಿ. ಚಿತ್ರದ ಸ್ಯಾಂಕಿ ಇನ್ನೊಬ್ಬರು, ಮ್ಯಾಥ್ಯೂ ಸ್ಯಾಂಕಿ. ಇಬ್ಬರೂ ಐರ್ಲೆಂಡಿನವರು, ಇಬ್ಬರೂ ಸೈನ್ಯದ ಎಂಜಿನಿಯರುಗಳು. ಮ್ಯಾಥ್ಯೂ ಸ್ಯಾಂಕಿ 1898ರಲ್ಲಿ ಉಗಿ ಎಂಜಿನ್ನಿನ ಚಿತ್ರವೊಂದನ್ನು ಅಚ್ಚು ಮಾಡಿಸಿದರು. ಒಳಗೆ ಹೋದ ಶಾಖದಲ್ಲಿ ಎಷ್ಟು ಕೆಲಸಕ್ಕೆ ಬಂತು, ಎಷ್ಟು ಎಲ್ಲೆಲ್ಲಿ ಪೋಲಾಯಿತು ಎಂದು ಪಟ್ಟಿಯ ಅಗಲದಲ್ಲೇ ತೋರಿಸುವ ಚಿತ್ರ ಅದು. ಹಾಗೆ ನೋಡಿದರೆ ಅವರಿಗೂ ಮೊದಲು, 1869ರಲ್ಲಿ, ಮಿನಾರ್ ಎಂಬ ಫ್ರೆಂಚ್ ಎಂಜಿನಿಯರ್ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯನ್ನು ಇದೇ ರೀತಿ ಬಿಡಿಸಿದ್ದರು. ಹೋಗುವಾಗ 4,22,000 ಸೈನಿಕರ ದಪ್ಪ ಪಟ್ಟಿ, ತಿರುಗಿ ಬರುವಾಗ 10,000ದ ಒಂದು ಎಳೆ. ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಅಡಿಕೆ ತೋಟಕ್ಕೆ ನೀರು ಬಿಡುವ ತೋಡು ನೋಡಿದ್ದೀರಲ್ಲ, ಅದನ್ನು ನೆನೆಸಿಕೊಳ್ಳಿ. ಕೆರೆಯಿಂದ ಹೊರಟಾಗ ಅಗಲ. ಒಂದೊಂದು ಸಾಲಿಗೆ ಕವಲು ಒಡೆದ ಹಾಗೆ ಸಪೂರ. ಎಲ್ಲ ಕವಲು ಕೂಡಿಸಿದರೆ ಮೊದಲಿನ ಅಗಲ ಬರಬೇಕು. ಬರದಿದ್ದರೆ ಎಲ್ಲೋ ಒಂದು ಏಡಿ ತೂತು ಮಾಡಿದೆ ಎಂದರ್ಥ.

ಎಕ್ಸೆಲ್ಲಿನ ಚಾರ್ಟುಗಳ ಪಟ್ಟಿಯಲ್ಲಿ ಇದು ಇಲ್ಲ. ಮಗಳು ಅವಳು ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆಯಲ್ಲಿ, ಚಿತ್ರ ಬಿಡಿಸುವ ಪ್ಲಾಟ್ಲಿ ಎಂಬುದನ್ನು ತೆರೆದು ತೋರಿಸಿದಳು. ಅದರಲ್ಲಿ ಜಾಗಗಳಿಗೆಲ್ಲ ಸೊನ್ನೆ, ಒಂದು, ಎರಡು ಎಂದು ನಂಬರು. ಯಾವ ನಂಬರಿನಿಂದ ಯಾವ ನಂಬರಿಗೆ ಎಷ್ಟು ಎಂದು ಮೂರು ಪಟ್ಟಿ ಬೇರೆ ಬೇರೆಯಾಗಿ ಬರೆಯಬೇಕು. ನಾಲ್ಕನೇ ನಂಬರು ಬೋರ್ಮಾವೋ (ತಿರುಳು ಒಣಗಿಸುವ ಬಿಸಿ ಕೋಣೆ) ಪೀಲಿಂಗೋ (ಸಿಪ್ಪೆ ಸುಲಿಯುವ ಜಾಗ) ಎಂದು ನೆನಪಿಡುವ ವಯಸ್ಸು ನನ್ನದಲ್ಲ. ಆಗ ಅವಳು ತೆರೆದುಕೊಟ್ಟದ್ದು ಸ್ಯಾಂಕೀಮ್ಯಾಟಿಕ್. ಇದರಲ್ಲಿ ಬರೆಯುವ ರೀತಿ ನೋಡಿ:

ಅಂಗಳ [7600] ಕಟ್ಟಿಂಗ್
ಕಟ್ಟಿಂಗ್ [2280] ಬೋರ್ಮಾ
ಬೋರ್ಮಾ [180] ಆರಿದ ತೇವ

ಎಲ್ಲಿಂದ, ಎಷ್ಟು, ಎಲ್ಲಿಗೆ. ಅಷ್ಟೇ. ಸಾಲು ಬರೆದ ಹಾಗೆ ಚಿತ್ರ ಮೂಡುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಹಾಕಿದೆ, ಚೆನ್ನಾಗಿಯೇ ಬಂತು. ಅಂಕಿ ಮಾತ್ರ ಇಂಗ್ಲಿಷ್ ಅಂಕಿಯಲ್ಲಿ ಹಾಕಿ. ಅಂಕಿಯ ಹಿಂದೆ ಕೇಜಿ ಎಂದು ಬರುವ ಹಾಗೂ ಮಾಡಬಹುದು. ಖಾತೆ ತೆರೆ, ಫೋನ್ ನಂಬರು ಕೊಡು, ಒಟಿಪಿ ಹಾಕು, ಇಂಥ ರಗಳೆ ಇಲ್ಲ. ಚಿತ್ರ ತಯಾರಾಗುವುದು ನಮ್ಮ ಬ್ರೌಸರಿನ ಒಳಗೇ. ಧನಿಗಳು ಮೊದಲು ಕೇಳಿದ್ದೂ ಅದನ್ನೇ. "ನಮ್ಮ ಲೆಕ್ಕ ಇಂಟರ್ನೆಟ್ಟಿಗೆ ಹೋಗುತ್ತದಾ?" ಈ ವ್ಯಾಪಾರದಲ್ಲಿ ತಿರುಳಿನ ಇಳುವರಿ ಎಷ್ಟೆಂದು ಪಕ್ಕದ ಕಾರ್ಖಾನೆಯವರಿಗೆ ಹೇಳುವವರು ಯಾರೂ ಇಲ್ಲ.

ಈಗ ನಮ್ಮ ಲಾಟು. ಬೆನಿನ್ ದೇಶದ ಮಾಲು, 80 ಕೇಜಿಯ 100 ಚೀಲ. ಒಟ್ಟು 8,000 ಕೇಜಿ. ಊರ ಬೀಜ ಮಾರ್ಚಿನಿಂದ ಮೇವರೆಗೆ ಮಾತ್ರ. ಉಳಿದ ದಿನ ಕಾರ್ಖಾನೆ ನಡೆಯಬೇಕಾದರೆ ಆಫ್ರಿಕಾದ ಬೀಜವೇ ಗತಿ. ಅಂಗಳದಲ್ಲಿ ಒಣಗಿಸಿ, ಕಲ್ಲುಮಣ್ಣು ಆರಿಸಿದ ಮೇಲೆ 400 ಕೇಜಿ ಕಡಿಮೆಯಾಗಿ 7,600 ಉಳಿಯಿತು. ಅದನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಕಟ್ಟಿಂಗಿಗೆ ಕೊಡುತ್ತೇವೆ. ಕಟ್ಟಿಂಗಿನಲ್ಲಿ ಚಿಪ್ಪು ಒಂದು ಕಡೆ, ಕೆಂಪು ಸಿಪ್ಪೆಯ ತಿರುಳು ಇನ್ನೊಂದು ಕಡೆ. ತಿರುಳು 2,280 ಕೇಜಿ ಬೋರ್ಮಾಕ್ಕೆ ಹೋಯಿತು. ಅಲ್ಲಿ 180 ಕೇಜಿ ತೇವ ಆರಿತು. ಪೀಲಿಂಗಿನಲ್ಲಿ ಸಿಪ್ಪೆ 110, ಹಾಳಾದದ್ದು 90. ಗ್ರೇಡಿಂಗಿಗೆ ಬಂದದ್ದು 1,900 ಕೇಜಿ.

ಚಿಪ್ಪಿನ ತೂಕ ಮಾತ್ರ ನನ್ನ ಹತ್ತಿರ ಆಗ ಇರಲಿಲ್ಲ. ಅದು ಎಣ್ಣೆ ತೆಗೆಯುವ ಘಟಕಕ್ಕೆ ಲಾರಿಯಲ್ಲಿ ಹೋಗುತ್ತದೆ. ವೇಬ್ರಿಡ್ಜಿನ ಚೀಟಿ ಬರಲು ಎರಡು ಮೂರು ದಿನ ಬೇಕು. ಮಗಳು ಹೇಳಿದಳು, "ಗೊತ್ತಿಲ್ಲದ ಕಡೆ ನಕ್ಷತ್ರದ ಗುರುತು ಹಾಕಮ್ಮ. ಉಳಿದದ್ದನ್ನೆಲ್ಲ ಅದೇ ಲೆಕ್ಕ ಹಾಕಿ ತುಂಬಿಸುತ್ತದೆ." ಹಾಕಿದೆ. ಚಿಪ್ಪು 5,320 ಎಂದು ಬಂತು. ಎಲ್ಲ ಕೂಡಿ ಸರಿಯಾಯಿತು. ಎಡಗಡೆ ದಪ್ಪ ಪಟ್ಟಿ, ಬಲಗಡೆ ಕವಲುಗಳು. ಕಾರ್ಕಳದ ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ ಧನಿಗಳ ಮೇಜಿನ ಮೇಲೆ ಇಟ್ಟೆ.

"ಎಂತ ಇದು, ನದಿಯ ಮ್ಯಾಪಾ?"

"ಅಲ್ಲ ಧನಿ, ನಮ್ಮ ಬೀಜದ್ದು."

ಹತ್ತು ನಿಮಿಷ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಯಾವ ಹಾಳೆಯನ್ನೂ ಅವರು ಹತ್ತು ನಿಮಿಷ ನೋಡಿದವರಲ್ಲ. (ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

ಸೋಮವಾರ ವೇಬ್ರಿಡ್ಜಿನ ಚೀಟಿ ಬಂತು. ಚಿಪ್ಪು 4,900 ಕೇಜಿ.

ನಕ್ಷತ್ರ ತೆಗೆದು 4900 ಎಂದು ಬರೆದೆ. ಚಿತ್ರದಲ್ಲಿ ಒಂದೊಂದು ಜಾಗಕ್ಕೂ ಒಂದು ಕಂಬ ಇರುತ್ತದೆ. ಕಟ್ಟಿಂಗಿನ ಕಂಬಕ್ಕೆ ಎಡದಿಂದ ಬರುವ ಪಟ್ಟಿ ದಪ್ಪ, ಬಲಕ್ಕೆ ಹೊರಡುವುದು ಅದಕ್ಕಿಂತ ಸಪೂರ. ಕೆಳಗೆ ಬರಹದಲ್ಲೂ ತೋರಿಸುತ್ತದೆ. ಇಷ್ಟು ಒಳಗೆ ಬಂತು, ಇಷ್ಟು ಹೊರಗೆ ಹೋಯಿತು, ವ್ಯತ್ಯಾಸ 420.

ಅಂಕಿ ಬೇರೆ ಯಾವುದಾದರೂ ಆಗಬಾರದಿತ್ತಾ! ಧನಿಗಳು ಓದಿ, "ಫೋರ್ ಟ್ವೆಂಟಿ" ಎಂದು ಗಟ್ಟಿಯಾಗಿ ಹೇಳಿ ನನ್ನ ಮುಖ ನೋಡಿದರು. ಐಪಿಸಿ ಹೋಗಿ ಹೊಸ ಕಾನೂನು ಬಂದರೂ ಆ ಅಂಕಿಯ ಹೆಸರು ಕೆಟ್ಟದ್ದು ಕೆಟ್ಟದ್ದೇ. ನಾನು ಏನೂ ಮಾಡದೆ ಬೆವತೆ.

ಹುಡುಕಿದೆವು. ಕಟ್ಟಿಂಗ್ ಹೆಂಗಸರನ್ನು ಕೇಳಲು ನನಗೆ ಮನಸ್ಸಾಗಲಿಲ್ಲ. ಹೋಗುವಾಗ ಚೀಲ ತೆರೆದು ತೋರಿಸಿ ಹೋಗುವವರು ಅವರು, ಚಿಪ್ಪು ಒಯ್ದು ಮಾಡುವುದಾದರೂ ಎಂತ? ಅದರ ಎಣ್ಣೆ ತಾಗಿದರೆ ಕೈಯ ಚರ್ಮ ಸುಲಿದು ಬರುತ್ತದೆ. ಕೊನೆಗೆ ಉತ್ತರ ಬಾಯ್ಲರಿನ ಹತ್ತಿರ ಸಿಕ್ಕಿತು. ಬಾಯ್ಲರ್ ನೋಡಿಕೊಳ್ಳುವ ಅಣ್ಣ ಸೌದೆಯ ಜೊತೆ ಚಿಪ್ಪನ್ನೂ ಹಾಕುತ್ತಾರೆ. ಚೆನ್ನಾಗಿ ಉರಿಯುತ್ತದೆ, ಎಲ್ಲ ಕಾರ್ಖಾನೆಯಲ್ಲೂ ಮಾಡುವುದೇ. ಆದರೆ ತೂಕ ಮಾಡಿದವರಿಲ್ಲ, ಬರೆದವರಿಲ್ಲ.

"ಎಷ್ಟು ಬುಟ್ಟಿ ಹಾಕುತ್ತೀರಿ ಅಣ್ಣಾ?"

"ದಿನಕ್ಕೆ ಆರೋ ಏಳೋ ಅಕ್ಕ. ಮಳೆ ಇದ್ದರೆ ಒಂದು ಜಾಸ್ತಿ."

ಒಂದು ಬುಟ್ಟಿಯನ್ನು ತಕ್ಕಡಿಗೆ ಇಟ್ಟೆವು. 15 ಕೇಜಿ. ಆ ಲಾಟು ನಾಲ್ಕು ದಿನ ನಡೆದಿತ್ತು. 26 ಬುಟ್ಟಿ ಎಂದು ಇಟ್ಟುಕೊಂಡರೂ 390 ಕೇಜಿ. ಉಳಿದ 30 ಕೇಜಿ ಧೂಳೋ, ತೇವವೋ, ತಕ್ಕಡಿಯ ಆಟವೋ. ಅದಕ್ಕೆ ಚಿತ್ರದಲ್ಲಿ "ಗೊತ್ತಿಲ್ಲ" ಎಂದು ಹೆಸರಿಟ್ಟು ಬೂದು ಬಣ್ಣ ಕೊಟ್ಟೆ.

ಈ 420 ಕೇಜಿ ಪ್ರತಿ ಲಾಟಿನಲ್ಲೂ ಇತ್ತು. ಹನ್ನೊಂದು ಕಾಲಮ್ಮಿನ ಹಾಳೆಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ, ಕಂಡಿರಲಿಲ್ಲ. ಸೌದೆಯ ಖರ್ಚು ಕಡಿಮೆ ಬರುತ್ತಿದೆ ಎಂದು ನಾವು ಖುಷಿಪಡುತ್ತಿದ್ದೆವು. ಮಾರುವ ಚಿಪ್ಪು ಅಲ್ಲಿ ಉರಿಯುತ್ತಿತ್ತು. ಆದ್ದರಿಂದ ನಕ್ಷತ್ರದ ಬಗ್ಗೆ ನನ್ನ ಮಾತು ಕೇಳಿ: ತೂಕ ಮಾಡಬಹುದಾದ ಜಾಗಕ್ಕೆ ಅದನ್ನು ಹಾಕಲೇಬೇಡಿ. ಅನುಕೂಲವೇನೋ ಹೌದು. ಆದರೆ ಏಡಿಯ ತೂತಿಗೆ ಅದು ಮಣ್ಣು ಮೆತ್ತಿ, ತೋಡು ಸರಿ ಇದೆ ಎಂದು ತೋರಿಸುತ್ತದೆ. ಮೊದಲ ಚಿತ್ರ ಅಷ್ಟು ಚಂದ ಇದ್ದದ್ದು ಅದಕ್ಕೇ.

ಈ ಚಿತ್ರಕ್ಕೆ ಆಗದ ಕೆಲಸಗಳೂ ಉಂಟು. ಕಟ್ಟಿಂಗಿನಲ್ಲಿ ಒಡೆಯದೆ ಉಳಿದ ಬೀಜ ಮತ್ತೆ ಯಂತ್ರಕ್ಕೆ ಹೋಗುತ್ತದೆ. ಹೀಗೆ ಹಿಂದಕ್ಕೆ ತಿರುಗುವ ಹರಿವು ಇಂಥ ಹೆಚ್ಚಿನ ಟೂಲುಗಳಿಗೆ ಆಗಿಬರುವುದಿಲ್ಲ. ಎಡದಿಂದ ಬಲಕ್ಕೆ ಹೋಗುತ್ತಾ ಇರಬೇಕು. ನಾನು "ಎರಡನೇ ಕಟ್ಟಿಂಗ್" ಎಂದು ಬೇರೆ ಕಂಬ ಮಾಡಿ ದಾಟಿಸಿದೆ. ಚಿಪ್ಪು ಉರಿದು, ಅದರ ಹಬೆಯಲ್ಲಿ ಮುಂದಿನ ಬೀಜ ಬೇಯುವುದನ್ನು ತೋರಿಸುವ ಆಸೆ ಇತ್ತು. ಕೇಜಿಯಲ್ಲಿ ಹೊರಟದ್ದು ಹಬೆಯಾಗಿ ತಿರುಗಿ ಬಂದರೆ ಅಳತೆ ಯಾವುದು? ಬಿಟ್ಟುಬಿಟ್ಟೆ.

ಇನ್ನೊಂದು, ಗ್ರೇಡುಗಳದ್ದು. 1,900 ಕೇಜಿ ಹೀಗೆ ಹಂಚಿತು: ಡಬ್ಲ್ಯೂ180 ಬರೀ 40 ಕೇಜಿ, 210 ಇದ್ದದ್ದು 130, 240 ಇದ್ದದ್ದು 300, 320 ಇದ್ದದ್ದು 620, 450 ಇದ್ದದ್ದು 110. ಬಣ್ಣ ತಿರುಗಿದ ಇಡೀ ಬೀಜ 100, ಹೋಳು 250, ತುಂಡು 300, ಪುಡಿತುಂಡು 50. ಈ ನಂಬರು ಒಂದು ಪೌಂಡಿಗೆ ಎಷ್ಟು ಬೀಜ ಎಂಬ ಲೆಕ್ಕ. 180 ಎಂದರೆ ಪೌಂಡಿಗೆ ಹೆಚ್ಚೆಂದರೆ 180, ದೊಡ್ಡ ಬೀಜ, ರಾಜ ಗ್ರೇಡು. ಚಿತ್ರದಲ್ಲಿ ಅದು ಕೂದಲೆಳೆ. ಚಿಪ್ಪು ಹೆದ್ದಾರಿ. ಗೋಡೆಗೆ ಅಂಟಿಸಿದ ದಿನ ಗ್ರೇಡಿಂಗಿನ ಹೆಂಗಸರು ಬಂದು ನೋಡಿದರು. ಒಬ್ಬರು ಬೆರಳಿಟ್ಟು ಕೇಳಿದರು, "ಅಕ್ಕ, ನಾವು ದಿನವಿಡೀ ಕೂತು ಆರಿಸುವುದು ಇಷ್ಟು ಸಪೂರವಾ?"

ಅದಕ್ಕೆ ಉತ್ತರವಾಗಿ ಎರಡನೇ ಚಿತ್ರ ಮಾಡಿದೆ, ಅದೇ ಲಾಟಿನದು, ಕೇಜಿಯ ಬದಲು ರೂಪಾಯಿಯಲ್ಲಿ. ಪೂರಾ ಅಡಿಮೇಲು. ಚಿಪ್ಪು ದಾರವಾಯಿತು, 320 ನಡುವಿನಲ್ಲಿ ದೊಡ್ಡ ಹೊಳೆಯಾಯಿತು, 180 ಕಣ್ಣಿಗೆ ಕಾಣುವಷ್ಟಾಯಿತು. ಈಗ ಎರಡನ್ನೂ ಪಕ್ಕಪಕ್ಕ ಅಂಟಿಸಿದ್ದೇನೆ. ಒಂದನ್ನೇ ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು.

ರೂಪಾಯಿಗೆ ಇಳಿದ ಮೇಲೆ ಕಳೆದ ಮಳೆಗಾಲದ ಮೂರು ತಿಂಗಳ ಲೆಕ್ಕವನ್ನೂ ಹಾಕಿದೆ. ಅದು ನಷ್ಟದ ಕಾಲ. ನಿಜವಾದ ಮೊತ್ತ ಇಲ್ಲಿ ಬರೆಯುವುದಿಲ್ಲ, ನೂರರ ಲೆಕ್ಕದಲ್ಲಿ ಹೇಳುತ್ತೇನೆ. ಮಾರಾಟ 100. ಖರ್ಚು: ಬೀಜ 78, ಕೂಲಿ ಸಂಬಳ 15, ಕರೆಂಟು ಸೌದೆ 3, ಡಬ್ಬಿ ಸಾಗಾಟ 4, ಬಡ್ಡಿ 4. ಕೂಡಿಸಿದರೆ 104. ಟ್ಯಾಲಿಯಲ್ಲಾದರೆ ಕೊನೆಗೆ ಒಂದು ಅಂಕಿ ಮೈನಸ್ಸಿನಲ್ಲಿ ಬಂದು ಕೂರುತ್ತದೆ, ಮುಗಿಯಿತು. ಪಟ್ಟಿಗೆ ಮೈನಸ್ ಅಗಲ ಎಂಬುದು ಎಲ್ಲಿದೆ? ಬಲಗಡೆ 104 ಹೋಗಬೇಕಾದರೆ ಎಡಗಡೆಯಿಂದ 104 ಬರಲೇಬೇಕು. ಹಾಗಾಗಿ ಎಡಗಡೆ ಇನ್ನೊಂದು ಕಂಬ ನೆಡಬೇಕಾಯಿತು: ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ), 4.

ಧನಿಗಳಿಗೆ ಗೊಂದಲ. "ನಷ್ಟ ಎಂದರೆ ಹೊರಗೆ ಹೋಗುವುದಲ್ವಾ? ಇದು ಒಳಗೆ ಬರುತ್ತಾ ಉಂಟಲ್ಲ?"

"ಎಲ್ಲಿಂದಾದರೂ ಬಂದಿರಬೇಕಲ್ಲ ಧನಿ. ಇಲ್ಲದಿದ್ದರೆ ಸಂಬಳ ಹೇಗೆ ಆಯಿತು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಡಗಡೆಯ 4ರ ಮೇಲೆ ಒಂದು ಬೆರಳು, ಬಲಗಡೆಯ ಬಡ್ಡಿ 4ರ ಮೇಲೆ ಇನ್ನೊಂದು ಬೆರಳು ಇಟ್ಟರು. "ಬಡ್ಡಿ ಕಟ್ಟಲಿಕ್ಕೆ ಅವರಿಂದಲೇ ತಂದದ್ದಾ ನಾವು?" ಎಂದರು. ನಾನು ಹೌದು ಎನ್ನಲಿಲ್ಲ. ಎಲ್ಲ ದುಡ್ಡೂ ಒಂದೇ ಖಾತೆಯಲ್ಲಿ ಸೇರಿ ಹೋಗುವುದು, ಯಾವ ರೂಪಾಯಿ ಯಾವುದಕ್ಕೆ ಹೋಯಿತೆಂದು ಈ ಚಿತ್ರ ಹೇಳುವುದಿಲ್ಲ. ಅಗಲ ಮಾತ್ರ ಹೇಳುತ್ತದೆ. ಆದರೂ ಅವರು ಆ ವಾರವೇ ಬ್ಯಾಂಕಿಗೆ ಹೋಗಿ ಬಂದರು. ಮುಂದಿನ ಲಾಟಿನ ಖರೀದಿ 60 ಚೀಲಕ್ಕೆ ಇಳಿಯಿತು.

ನಡುವೆ ಒಂದು ಕಂಪನಿಯವರು ಡ್ಯಾಶ್‌ಬೋರ್ಡ್, ಅಂದರೆ ಲೆಕ್ಕವನ್ನೆಲ್ಲ ಒಂದೇ ಪರದೆಯಲ್ಲಿ ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್, ಮಾರಲು ಬಂದಿದ್ದರು. ವರ್ಷಕ್ಕಿಷ್ಟು ಎಂದು ಬಾಡಿಗೆ. ಅವರೂ ಸ್ಯಾಂಕಿ ತೋರಿಸಿದರು. ನಮ್ಮ ಎಲ್ಲ ಗಿರಾಕಿ, ಎಲ್ಲ ಗ್ರೇಡು, ಎಲ್ಲ ಊರು ಒಂದೇ ಚಿತ್ರದಲ್ಲಿ. ನಲವತ್ತಕ್ಕಿಂತ ಜಾಸ್ತಿ ಪಟ್ಟಿ, ಒಂದರ ಮೇಲೊಂದು. ಮಣೆಯಿಂದ ಸೇಮಿಗೆ ಒತ್ತಿದ ಹಾಗೆ. ಮೌಸ್ ಇಟ್ಟರೆ ಪಟ್ಟಿ ಮಿಂಚುತ್ತಿತ್ತು. ಬಂದ ಹುಡುಗ ಪಾಪ ಚೆನ್ನಾಗಿಯೇ ಮಾತಾಡಿದ. "ಇದರಲ್ಲಿ ಚಿಪ್ಪು ಎಲ್ಲಿ?" ಎಂದು ಧನಿಗಳು ಕೇಳಿದರು. ಅವರ ಪಟ್ಟಿಯಲ್ಲಿ ಚಿಪ್ಪೇ ಇರಲಿಲ್ಲ. ಚಹಾ ಕುಡಿಸಿ ಕಳಿಸಿದೆವು.

ನನ್ನ ಅನುಭವದಲ್ಲಿ ಹದಿನೈದು ಪಟ್ಟಿ ದಾಟಿದರೆ ಯಾರೂ ಓದುವುದಿಲ್ಲ. ಸಣ್ಣವನ್ನು ಒಟ್ಟು ಸೇರಿಸಿ. ಎಲ್ಲಕ್ಕೂ ಬೇರೆ ಬೇರೆ ಬಣ್ಣ ಕೊಡುವುದೂ ಬೇಡ, ಜಾತ್ರೆಯ ತೇರಿನ ಹಾಗೆ ಆಗುತ್ತದೆ. ಎಲ್ಲ ತಿಳಿ ಬಣ್ಣ, ನೋಡಬೇಕಾದ ಒಂದಕ್ಕೆ ಮಾತ್ರ ಕೆಂಪು. ಕಂಬಗಳನ್ನು ಮೌಸಿನಲ್ಲಿ ಹಿಡಿದು ಮೇಲೆ ಕೆಳಗೆ ಎಳೆಯಬಹುದು. ಪಟ್ಟಿಗಳು ಒಂದನ್ನೊಂದು ದಾಟದ ಹಾಗೆ ಎಳೆದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲ ವಾರ ಕರೆಂಟು ಹೋಗಿ ನಾನು ಬರೆದದ್ದೆಲ್ಲ ಹೋಯಿತು. ಖಾತೆ ಇಲ್ಲದ ಸುಖಕ್ಕೆ ಇದು ಬೆಲೆ: ಉಳಿಸಿಕೊಳ್ಳುವ ಜವಾಬ್ದಾರಿ ನಮ್ಮದೇ. ನಾನು ಉಳಿಸಿರಲಿಲ್ಲ. ಈಗ ಎಕ್ಸೆಲ್ಲಿನಲ್ಲಿ ಮೂರು ಕಾಲಮ್ಮು ಇಟ್ಟಿದ್ದೇನೆ, ಎಲ್ಲಿಂದ, ಎಷ್ಟು, ಎಲ್ಲಿಗೆ. ನಾಲ್ಕನೆಯದರಲ್ಲಿ ಫಾರ್ಮುಲಾ ಹಾಕಿ ಮೂರನ್ನೂ ಜೋಡಿಸಿ, ಎಷ್ಟು ಎಂಬುದರ ಸುತ್ತ ಚೌಕ ಕಂಸ ಬರುವ ಹಾಗೆ ಮಾಡಿದ್ದೇನೆ. ಆ ಕಾಲಮ್ಮನ್ನು ಕಾಪಿ ಮಾಡಿ ಜಾಲತಾಣದಲ್ಲಿ ಪೇಸ್ಟ್ ಮಾಡಿದರೆ ಚಿತ್ರ ತಯಾರು. ಎರಡು ನಿಮಿಷದ ಕೆಲಸ. ಹಳೆಯ ಹನ್ನೊಂದು ಕಾಲಮ್ಮಿನ ಹಾಳೆ ನಿಲ್ಲಿಸಿಬಿಟ್ಟೆ, ಯಾರೂ ಕೇಳಲಿಲ್ಲ.

ಅಂಕ ಕೊಡಬೇಕಾದರೆ ಸ್ಯಾಂಕೀಮ್ಯಾಟಿಕ್‌ಗೆ ಐದರಲ್ಲಿ ನಾಲ್ಕೂವರೆ. ತೂಕ, ನೀರು, ಕರೆಂಟು, ದುಡ್ಡು, ಹೀಗೆ ಒಂದು ಕಡೆಯಿಂದ ಹೊರಟು ಹಂಚಿಹೋಗುವ ಯಾವುದಕ್ಕೂ ಬಳಸಬಹುದು. ಈ ತಿಂಗಳು ಮಾರಾಟ ಏರಿತಾ ಇಳಿಯಿತಾ ಎಂದು ನೋಡಲು ಬೇಡ, ಅದಕ್ಕೆ ಸಾದಾ ಗೆರೆಯ ಚಾರ್ಟೇ ಸಾಕು. ಆ ಅರ್ಧ ಅಂಕ ನಕ್ಷತ್ರಕ್ಕೆ ಕಳೆದದ್ದು. ತಪ್ಪು ನನ್ನದೇ, ಆದರೂ ಸಿಟ್ಟು ಇಳಿದಿಲ್ಲ.

ಬಾಯ್ಲರಿನ ಅಣ್ಣನಿಗೆ ಒಂದು ಪುಸ್ತಕ, ಒಂದು ಪೆನ್ನು ಕೊಟ್ಟಿದ್ದೆ. ಪೆನ್ನು ಎರಡನೇ ದಿನವೇ ಕಾಣೆ. ಈಗ ಅವರು ಮಸಿಯಲ್ಲಿ ಗೋಡೆಯ ಮೇಲೆ ಬುಟ್ಟಿಗೊಂದು ಗೆರೆ ಎಳೆಯುತ್ತಾರೆ, ನಾಲ್ಕು ಉದ್ದ, ಐದನೆಯದು ಅಡ್ಡ. ಸಂಜೆ ಹೋಗಿ ಎಣಿಸಿಕೊಂಡು ಬರುತ್ತೇನೆ. ಹೋದ ಲಾಟಿನಲ್ಲಿ "ಗೊತ್ತಿಲ್ಲ" 22 ಕೇಜಿ.